ಕಾಲುವೆ ಬತ್ತಿದ ವರ್ಷವೇ ಊರು ನೋಡಬೇಕು

ಬನದ ಹುಣ್ಣಿಮೆಗೆ ಸಿದ್ಧಪರ್ವತದ ಅಂಬಾದೇವಿ ಜಾತ್ರೆ. ಬೆಂಗಳೂರು, ಪುಣೆ, ಗೋವಾ ಎಂದು ಚದುರಿಹೋದ ಸಿಂಧನೂರು ಸೀಮೆಯ ಮಂದಿ ಆ ಹೊತ್ತಿಗೆ ಊರಿಗೆ ಬರುತ್ತಾರೆ. ತುರ್ವಿಹಾಳದ ಕಟ್ಟೆಗಳ ಮೇಲೆ, ಚಹಾದಂಗಡಿಗಳಲ್ಲಿ ಮಾತು ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ‘ಎಷ್ಟು ವರ್ಷ ಅಂತ ಅಲ್ಲಿ ಬಾಡಿಗಿ ಕಟ್ಟೂದು? ಸಿಂಧನೂರಿಗೇ ಬಂದು ಬಿಡಬಾರದೇನು?’

ಪ್ರಶ್ನೆ ಸರಿಯಾದದ್ದೇ. ಅದನ್ನು ಕೇಳುವ ಕಾಲ ಮಾತ್ರ ಸರಿಯಿಲ್ಲ. ಜಾತ್ರೆಯ ದಿನಗಳಲ್ಲಿ ಮುಂಗಾರಿನ ಭತ್ತ ಮಾರಿದ ರೊಕ್ಕ ಕೈಯಲ್ಲಿ ಓಡಾಡುತ್ತಿರುತ್ತದೆ. ಅಂಗಡಿಗಳಲ್ಲಿ ವ್ಯಾಪಾರ ಜೋರು, ನೆಂಟರೆಲ್ಲ ಊರಲ್ಲಿ, ಬಿಸಿಲಿನ್ನೂ ಏರಿಲ್ಲ. ಅಂಥ ಹೊತ್ತಿನಲ್ಲಿ ಯಾವ ಊರಾದರೂ ಚೆಂದವೇ. ದೊಡ್ಡ ಶಹರ ಬಿಟ್ಟು ಸಣ್ಣ ಊರಿಗೆ ಬರಬೇಕೋ ಬೇಡವೋ ಎಂದು ತೀರ್ಮಾನಿಸುವವರು ಊರನ್ನು ಅದರ ಒಳ್ಳೆಯ ದಿನಗಳಲ್ಲಿ ಅಳೆಯಬಾರದು. ಕಾಲುವೆ ಬತ್ತಿದ ವರ್ಷ, ಬೇಸಿಗೆಯಲ್ಲಿ, ದವಾಖಾನೆಗೆ ಓಡಬೇಕಾದ ರಾತ್ರಿ ಅದು ಹೇಗಿರುತ್ತದೆ ಎಂಬುದನ್ನು ನೋಡಿ ಅಳೆಯಬೇಕು. ಅಂಥದೊಂದು ವರ್ಷ ಈಗ ನಮ್ಮ ಕಣ್ಣೆದುರೇ ಬಂದು ಹೋಗಿರುವುದರಿಂದ ಈ ಮಾತನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬಂದವರ ಸೀಮೆ, ಹೋದವರ ಸೀಮೆ

ಸಿಂಧನೂರು ಬೆಳೆದದ್ದೇ ಬೇರೆ ಕಡೆಯಿಂದ ಬಂದು ನೆಲೆ ನಿಂತವರಿಂದ. ತುಂಗಭದ್ರಾ ಅಣೆಕಟ್ಟೆಗೆ 1945ರಲ್ಲಿ ಅಡಿಗಲ್ಲು ಬಿದ್ದಾಗ ಈ ನೆಲ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ಅದು ಸ್ವತಂತ್ರ ಭಾರತದ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ರಾಯಚೂರಿನ ಎರೆಹೊಲಗಳಿಗೆ ನೀರು ತಂದಿತು. ಜೋಳ, ಹತ್ತಿ ಬೆಳೆಯುತ್ತಿದ್ದ ನೆಲದಲ್ಲಿ ಗದ್ದೆ ಮಾಡುವುದು ಇಲ್ಲಿನ ರೈತರಿಗೆ ಹೊಸದು. ನೀರಾವರಿಯಲ್ಲಿ ಪಳಗಿದ್ದ ಆಂಧ್ರದ ಕರಾವಳಿಯ ರೈತರು ಬಂದು ಹೊಲ ಕೊಂಡರು, ಮಟ್ಟ ಮಾಡಿದರು, ಮನೆ ಕಟ್ಟಿದರು. ಇವತ್ತಿಗೂ ರಸ್ತೆಯುದ್ದಕ್ಕೂ ಸಿಗುವ ‘ಕ್ಯಾಂಪ್’ ಎಂಬ ಊರ ಹೆಸರುಗಳು ಅವರ ಗುರುತು.

ಮುಂದೆ 1970ರ ದಶಕದಲ್ಲಿ ಪೂರ್ವ ಬಂಗಾಳದಿಂದ ಎಲ್ಲ ಕಳೆದುಕೊಂಡು ಬಂದ ಹಿಂದೂ ಬಂಗಾಳಿ ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನಲ್ಲಿ ಸರ್ಕಾರ ಪುನರ್ವಸತಿ ಕ್ಯಾಂಪ್ ಕಟ್ಟಿಕೊಟ್ಟಿತು. ಅದೇ ಆರ್‌ಎಚ್ ಕ್ಯಾಂಪ್. ಅಲ್ಲಿ ಹುಟ್ಟಿ ಬೆಳೆದವರು ಬಂಗಾಳಿಯಷ್ಟೇ ಸಲೀಸಾಗಿ ನಮ್ಮ ಭಾಷೆ ಮಾತಾಡುತ್ತಾರೆ. ದೂರದಿಂದ ಬಂದವರನ್ನು ತನ್ನವರನ್ನಾಗಿ ಮಾಡಿಕೊಳ್ಳುವ ಗುಣ ಈ ಸೀಮೆಗೆ ಇದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇದೇ ಸೀಮೆಯ ಇನ್ನೊಂದು ಮುಖ ಗುಳೆ. ಕಾಲುವೆಯ ನೀರು ಏರದ ಮಸ್ಕಿ, ಲಿಂಗಸುಗೂರು ಕಡೆಯ ಒಣಭೂಮಿಯ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಕಟ್ಟಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಪುಣೆ ಗೋವಾಗಳ ಕೂಲಿಗೆ ಹೋಗುತ್ತವೆ. ಅವ್ವ ಅಪ್ಪ ಮನೆ ಕಾಯಬೇಕು, ಮಕ್ಕಳ ಸಾಲಿ ಅರ್ಧಕ್ಕೆ ನಿಲ್ಲಬೇಕು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕುಳಿತದ್ದು, 2021ರ ಮಸ್ಕಿ ಉಪಚುನಾವಣೆ ಪೂರಾ ಆ ನೀರಿನ ಸುತ್ತಲೇ ನಡೆದದ್ದು ಇದೇ ಕಾರಣಕ್ಕೆ. ತುರ್ವಿಹಾಳ ಸಿಂಧನೂರು ತಾಲ್ಲೂಕಿನಲ್ಲಿದ್ದರೂ ಮಸ್ಕಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ಹಾಗಾಗಿ ನೀರುಂಡ ಸೀಮೆಯ ಸುಖವೂ ಒಣಸೀಮೆಯ ಸಂಕಟವೂ ಇಲ್ಲಿನವರಿಗೆ ಸಮನಾಗಿ ಗೊತ್ತು.

ಬಂದವರು ಬಂದದ್ದು ನೀರಿಗಾಗಿ, ಹೋದವರು ಹೋದದ್ದು ನೀರಿಲ್ಲದೆ. ಆದ್ದರಿಂದ ಸಿಂಧನೂರಿಗೆ ಮರಳುವ ಯೋಚನೆ ಇರುವವರು ಮೊದಲು ಕೇಳಿಕೊಳ್ಳಬೇಕಾದದ್ದು: ನನ್ನ ಸಂಪಾದನೆ ಈ ಕಾಲುವೆಗೆ ಎಷ್ಟು ಹತ್ತಿರ, ಎಷ್ಟು ದೂರ?

ಒಂದು ಬೆಳೆ ತಪ್ಪಿದರೆ ಏನೇನು ತಪ್ಪುತ್ತದೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳುತನದಲ್ಲಿ ಹರಿವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನೀರು ಉಳಿಸಿಕೊಂಡದ್ದು ಆ ವರ್ಷದ ದೊಡ್ಡ ಸಮಾಧಾನ. ಆದರೆ ಎಪ್ಪತ್ತು ವರ್ಷ ಹಳೆಯ 33 ಗೇಟುಗಳನ್ನೂ ಬದಲಿಸಲೇಬೇಕು ಎಂಬುದು ಅವತ್ತೇ ಖಚಿತವಾಯಿತು. ಅದಕ್ಕಾಗಿ 2025-26ರ ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನ ಬಂತು. ಇದರ ಜೊತೆಗೆ ಹೂಳಿನ ಕತೆ ಬೇರೆ ಇದೆ: 133 ಟಿಎಂಸಿ ಅಡಿ ಹಿಡಿಯಲೆಂದು ಕಟ್ಟಿದ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು. ಮಳೆ ಕೈಕೊಟ್ಟ ವರ್ಷಗಳಲ್ಲಿ ಎರಡನೇ ಬೆಳೆ ಮೊದಲೂ ತಪ್ಪಿದ್ದುಂಟು, ಮುಂದೆಯೂ ತಪ್ಪಲಿದೆ.

ಎರಡನೇ ಬೆಳೆ ಹೋಯಿತೆಂದರೆ ರೈತನಿಗೆ ಮಾತ್ರ ನಷ್ಟ ಎಂದು ಶಹರದಲ್ಲಿ ಕುಳಿತವರು ತಿಳಿಯಬಹುದು. ಊರಿನ ಒಳಗಿದ್ದವರಿಗೆ ಸರಪಳಿ ಪೂರಾ ಕಾಣುತ್ತದೆ. ನಾಟಿ ಇಲ್ಲ ಎಂದರೆ ಗುಂಪು ಕಟ್ಟಿಕೊಂಡು ಗುತ್ತಿಗೆಗೆ ನಾಟಿ ಹಚ್ಚುವ ಹೆಣ್ಣುಮಕ್ಕಳಿಗೆ ಕೂಲಿ ಇಲ್ಲ. ಗೊಬ್ಬರದ ಅಂಗಡಿಯಲ್ಲಿ ಹಳೆಯ ಉದ್ರಿ ವಸೂಲಾಗದು, ಹೊಸ ವ್ಯಾಪಾರ ಆಗದು. ಟ್ರ್ಯಾಕ್ಟರ್, ಕಟಾವು ಯಂತ್ರಗಳ ಮಾಲೀಕರಿಗೆ ಕಂತು ಕಟ್ಟುವ ದಿಕ್ಕಿಲ್ಲ. ರೈಸ್ ಮಿಲ್ಲಿನಲ್ಲಿ ಪಾಳಿ ಕಡಿಮೆ, ಹಮಾಲರಿಗೆ ಚೀಲ ಕಡಿಮೆ. ಅಲ್ಲಿಂದ ಅದು ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಖಾನಾವಳಿ ಮುಟ್ಟಿ ಕೊನೆಗೆ ಖಾಸಗಿ ಶಾಲೆಯ ಶುಲ್ಕದ ಬಾಕಿಗೆ ಬಂದು ನಿಲ್ಲುತ್ತದೆ. ಬೆಂಗಳೂರಿನ ಉಳಿತಾಯ ಹಾಕಿ ಸಿಂಧನೂರಿನಲ್ಲಿ ಅಂಗಡಿ ಇಡಬೇಕೆಂದವರು ತಾವು ರೈತರಲ್ಲ, ಹೊಲವಿಲ್ಲ, ಕಾಲುವೆಯ ಚಿಂತೆ ತಮಗಿಲ್ಲ ಎಂದು ಭಾವಿಸಿದರೆ ಅದು ಭ್ರಮೆ. ಅವರ ಗಿರಾಕಿಯ ಜೇಬು ಕಾಲುವೆಯಲ್ಲೇ ಇದೆ.

ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯನ್ನು ನೋಡಿ. ಅಲ್ಲಿನ ಪೇಟೆ ನಡೆಯುವುದು ಚಿನ್ನದ ಗಣಿಯ ಪಗಾರದ ಮೇಲೆ. ಮಳೆ ಬರಲಿ ಬಿಡಲಿ, ತಿಂಗಳಾದರೆ ಅಲ್ಲಿ ಪಗಾರ ಬರುತ್ತದೆ. ಹಾಗೆಂದು ಅದೂ ಕಲ್ಲಿನ ಮೇಲೆ ಬರೆದದ್ದಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಒಂದು ಇಡೀ ಊರು ಕೆಲಸಕ್ಕಾಗಿ ದಿನವೂ ಬೆಂಗಳೂರಿನ ರೈಲು ಹತ್ತಬೇಕಾಯಿತು. ಸಣ್ಣ ಊರುಗಳ ನಿಜವಾದ ದೌರ್ಬಲ್ಯ ಇದೇ: ಅಲ್ಲಿ ರೊಕ್ಕ ಬರುವ ಬಾಗಿಲು ಒಂದೇ ಇರುತ್ತದೆ. ನೀವು ಹೋಗುವ ಊರಿನ ಆ ಬಾಗಿಲು ಯಾವುದು, ಅದು ಮುಚ್ಚಿದ ದಿನ ನಿಮ್ಮ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಿರಿ.

ಕಾಗದದ ಮೇಲೆ ಲೆಕ್ಕ

ಲೆಕ್ಕ ಹಾಕುವ ರೀತಿ ತೋರಿಸಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ಊಹೆಯವು, ನಿಮ್ಮ ನಿಮ್ಮ ಅಂಕಿ ಹಾಕಿಕೊಳ್ಳಿ. ಬೆಂಗಳೂರಿನಲ್ಲಿ ತಿಂಗಳಿಗೆ 40,000 ರೂಪಾಯಿ ದುಡಿಯುವ ಒಬ್ಬರು. ಬಾಡಿಗೆ 14,000, ಮಕ್ಕಳ ಓದು 8,000, ಓಡಾಟ 4,000, ಮನೆ ಖರ್ಚು 10,000. ತಿಂಗಳಿಗೆ ಉಳಿಯುವುದು 4,000, ವರ್ಷಕ್ಕೆ 48,000. ಅವರೇ ಸಿಂಧನೂರಿನಲ್ಲಿ ಅಂಗಡಿ ಇಟ್ಟು 25,000 ದುಡಿದರು ಎನ್ನಿ. ಬಾಡಿಗೆ 6,000, ಓದು 4,000, ಓಡಾಟ 1,500, ಮನೆ ಖರ್ಚು 8,000. ಉಳಿಯುವುದು 5,500, ವರ್ಷಕ್ಕೆ 66,000. ಕಡಿಮೆ ದುಡಿದು ಹೆಚ್ಚು ಉಳಿಸಿದಂತಾಯಿತು. ಜಾತ್ರೆಯ ಕಟ್ಟೆಯ ಮೇಲಿನ ಲೆಕ್ಕ ಇಲ್ಲಿಗೇ ಮುಗಿಯುತ್ತದೆ.

ಈಗ ಎರಡನೇ ಬೆಳೆ ತಪ್ಪಿದ ವರ್ಷ ತೆಗೆದುಕೊಳ್ಳಿ. ಐದು ತಿಂಗಳು ವ್ಯಾಪಾರ ಬಿದ್ದು ಆದಾಯ 15,000ಕ್ಕೆ ಇಳಿಯಿತು. ಖರ್ಚು 19,500 ಹಾಗೇ ಇದೆ. ಆ ಐದು ತಿಂಗಳಲ್ಲಿ ಕೈಯಿಂದ ಹೋಗುವುದು 22,500. ಉಳಿದ ಏಳು ತಿಂಗಳ ಉಳಿತಾಯ 38,500. ವರ್ಷದ ಕೊನೆಗೆ ಉಳಿಯುವುದು ಬರೀ 16,000. ಮೂರು ವರ್ಷಕ್ಕೊಮ್ಮೆ ಇಂಥ ವರ್ಷ ಬಂದರೆ ಸರಾಸರಿ ಉಳಿತಾಯ ಸುಮಾರು 49,000, ಅಂದರೆ ಬೆಂಗಳೂರಿಗೆ ಸರಿಸಮ. ಅದಕ್ಕಿಂತ ಹೆಚ್ಚು ಸಲ ಬಂದರೆ ಬೆಂಗಳೂರೇ ಮೇಲು.

ಅರ್ಥಶಾಸ್ತ್ರಜ್ಞರಾದ ಜಾನ್ ಹ್ಯಾರಿಸ್ ಮತ್ತು ಮೈಕೆಲ್ ಟೊಡಾರೊ 1970ರಲ್ಲಿ ವಲಸೆಯ ಬಗ್ಗೆ ಹೇಳಿದ್ದೂ ಇದೇ ಧಾಟಿಯ ಮಾತು. ಜನ ಶಹರಕ್ಕೆ ಹೋಗುವುದು ಅಲ್ಲಿನ ಕೂಲಿ ಎಷ್ಟು ಎಂದಷ್ಟೇ ನೋಡಿ ಅಲ್ಲ, ಆ ಕೂಲಿ ಸಿಗುವ ಸಂಭವ ಎಷ್ಟು ಎಂಬುದನ್ನೂ ಸೇರಿಸಿ ಎಂದು ಅವರು ವಿವರಿಸಿದರು. ಮರಳಿ ಬರುವಾಗಲೂ ಅದೇ ನಿಯಮ. ಎಷ್ಟು ದುಡಿಯಬಹುದು ಎಂಬುದರ ಪಕ್ಕದಲ್ಲಿ ಎಷ್ಟು ತಿಂಗಳು ದುಡಿಯಬಹುದು ಎಂದು ಬರೆದುಕೊಳ್ಳಿ.

ಹೀಗೆ ಬರೆದರೆ ಉತ್ತರ ಎಲ್ಲರಿಗೂ ಒಂದೇ ಆಗುವುದಿಲ್ಲ. ಶಿಕ್ಷಕರು, ಬ್ಯಾಂಕಿನವರು, ಪಿಂಚಣಿದಾರರು, ಮನೆಯಿಂದಲೇ ಕಂಪ್ಯೂಟರ್ ಮೇಲೆ ಕೆಲಸ ಮಾಡಲು ಖಚಿತ ಅನುಮತಿ ಇರುವವರು ಸಿಂಧನೂರಿಗೆ ಬಂದರೆ ಅವರಿಗೂ ಒಳ್ಳೆಯದು, ಊರಿಗೂ ಒಳ್ಳೆಯದು. ಅವರ ಪಗಾರ ಕಾಲುವೆ ಕೇಳುವುದಿಲ್ಲ, ಕೆಟ್ಟ ವರ್ಷದಲ್ಲಿ ಪೇಟೆಯನ್ನು ಅಷ್ಟಾದರೂ ಎತ್ತಿ ಹಿಡಿಯುತ್ತದೆ. ಅಂಗಡಿ ಇಡುವವರು, ಲೀಜಿಗೆ ಗದ್ದೆ ಮಾಡುವವರು ಕನಿಷ್ಠ ಒಂದು ವರ್ಷದ ಮನೆ ಖರ್ಚನ್ನು ಬಂಡವಾಳದ ಹೊರಗೆ ತೆಗೆದಿಡದೆ ಬರಬಾರದು. ಮನೆಯಲ್ಲಿ ಇಬ್ಬರು ದುಡಿಯುವವರಿದ್ದರೆ ಒಬ್ಬರ ದುಡಿಮೆಯಾದರೂ ಭತ್ತಕ್ಕೆ ಸಂಬಂಧ ಇಲ್ಲದ್ದಾಗಿರಲಿ.

ಇನ್ನು ಗುಳೆ ಹೋದವರು. ಇವರಿಗೆ ಸಿಂಧನೂರು ಬೇಕೋ ಬೆಂಗಳೂರು ಬೇಕೋ ಎಂಬ ಆಯ್ಕೆಯೇ ಬಹಳ ಸಲ ಇರುವುದಿಲ್ಲ. ಊರಿನಲ್ಲಿ ಆಸರೆಯಾಗಬೇಕಿದ್ದ ಉದ್ಯೋಗ ಖಾತ್ರಿ 2006ರಲ್ಲಿ ದೇಶದ ಮೊದಲ 200 ಜಿಲ್ಲೆಗಳಲ್ಲಿ ಜಾರಿಯಾದಾಗ ರಾಯಚೂರು ಆ ಪಟ್ಟಿಯಲ್ಲಿತ್ತು. ಆದರೆ ಅದು ಹಳ್ಳಿಗಳಿಗೆ ಮೀಸಲಾದ ಕೆಲಸ. ತುರ್ವಿಹಾಳದಂಥ ಊರು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾಗಿ ಬಡ್ತಿ ಪಡೆದಾಗ ಬೀದಿ ದೀಪ, ಚರಂಡಿಗೆ ಅನುದಾನದ ದಾರಿ ತೆರೆಯಿತು, ಕೂಲಿಕಾರರಿಗೆ ಮಾತ್ರ ಖಾತ್ರಿ ಕೆಲಸದ ಬಾಗಿಲು ಮುಚ್ಚಿತು. ಮರಳಿ ಬರಬೇಕೆಂದಿರುವ ಕೂಲಿ ಕುಟುಂಬ ತನ್ನ ಮನೆ ಪಟ್ಟಣ ಪಂಚಾಯಿತಿಯ ಗಡಿಯೊಳಗಿದೆಯೋ ಹೊರಗಿದೆಯೋ ಎಂದು ವಿಚಾರಿಸಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ಮಕ್ಕಳ ಓದು, ಮನೆಯವರ ಆರೋಗ್ಯ

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ವಿಷಯದಲ್ಲಿ ಬಹಳ ಮಂದಿಗೆ ತಪ್ಪು ತಿಳಿವಳಿಕೆ ಇದೆ. ಮಕ್ಕಳಿಗೆ ಈ ಮೀಸಲಾತಿ ಸಿಗಬೇಕೆಂದರೆ ಊರಿಗೆ ಬಂದು ಓದಿಸಲೇಬೇಕು ಎಂದುಕೊಂಡು ಮನೆ ಖಾಲಿ ಮಾಡುವವರಿದ್ದಾರೆ. ಸಂವಿಧಾನ ತಿದ್ದುಪಡಿಯ ನಂತರ 2013ರಲ್ಲಿ ಬಂದ ಆದೇಶಗಳು ಅರ್ಹತೆಯನ್ನು ನೋಡುವುದು ಈ ಪ್ರದೇಶದಲ್ಲಿ ಹುಟ್ಟಿದ್ದು ಅಥವಾ ಆ ಹೊತ್ತಿಗೆ ಹತ್ತು ವರ್ಷ ಇಲ್ಲಿ ವಾಸವಿದ್ದದ್ದರ ಮೇಲೆ. ಅಂಥ ತಂದೆ ತಾಯಿಯ ಮಕ್ಕಳಿಗೂ ಅದು ಸಲ್ಲುತ್ತದೆ. ಪ್ರಮಾಣಪತ್ರ ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟುಗಳ ಹಕ್ಕು ತುರ್ವಿಹಾಳದ ಮೂಲದವರ ಮಗುವಿಗೆ ಬೆಂಗಳೂರಿನಲ್ಲಿ ಹುಟ್ಟಿದ ಮಾತ್ರಕ್ಕೆ ಹೋಗುವುದಿಲ್ಲ. ಹಾಗಾಗಿ ಈ ಒಂದೇ ಕಾರಣಕ್ಕೆ ಊರು ಬದಲಿಸಬೇಡಿ. ಬೇಕಾದ ದಾಖಲೆಗಳನ್ನು ಹಿರಿಯರು ಇರುವಾಗಲೇ ಸರಿಪಡಿಸಿಕೊಳ್ಳಿ.

ಮಾಧ್ಯಮದ ಮಾತು ಬೇರೆ. ವೃತ್ತಿ ಶಿಕ್ಷಣದ ಪ್ರವೇಶದಲ್ಲಿ ಕನ್ನಡ ಮಾಧ್ಯಮದವರಿಗಿರುವ ಶೇ 5ರ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೆ ಕನ್ನಡದಲ್ಲೇ ಓದಿರಬೇಕು. ನಡುವೆ ಮಾಧ್ಯಮ ಬದಲಾದರೆ ಆ ದಾರಿ ಮುಚ್ಚಿತು. ಮಗು ಒಂದನೇ ತರಗತಿಗೆ ಕಾಲಿಡುವ ಮುಂಚೆ ಬರುವುದು, ಇಲ್ಲವೇ ಎಸ್ಸೆಸ್ಸೆಲ್ಸಿ ಮುಗಿಸಿ ಬರುವುದು ಮೇಲು. 8, 9ನೇ ತರಗತಿಯಲ್ಲಿ ಮಗುವನ್ನು ಕಿತ್ತು ನೆಡುವುದು ನನಗೆ ಒಪ್ಪಿಗೆಯಿಲ್ಲ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ನ್ನು ಮುಟ್ಟಿರಲಿಲ್ಲ. ಆ ಹಿನ್ನೆಲೆಯಿಂದ ಮೇಲೇಳುತ್ತಿರುವ ಊರಿನಲ್ಲಿ ಒಳ್ಳೆಯ ಶಾಲೆಗಳು ಇವೆ, ಆದರೆ ಹುಡುಕಿಕೊಳ್ಳಬೇಕು. ಶಾಲೆಯ ಕಟ್ಟಡ ನೋಡದೆ ಗಣಿತ, ವಿಜ್ಞಾನಕ್ಕೆ ಕಾಯಂ ಶಿಕ್ಷಕರಿದ್ದಾರೆಯೇ ಎಂದು ಕೇಳಿ.

ಆರೋಗ್ಯದ ವಿಷಯದಲ್ಲಿ ಸಿಹಿ ಮಾತು ಆಡಲಾರೆ. ಹೆರಿಗೆ, ಜ್ವರ, ಮುರಿದ ಕೈಕಾಲಿಗೆ ಸಿಂಧನೂರಿನಲ್ಲೇ ಚಿಕಿತ್ಸೆ ಸಿಗುತ್ತದೆ. ಹೃದಯ, ಮೆದುಳು, ಕ್ಯಾನ್ಸರ್ ಎಂದರೆ ರಾಯಚೂರು, ಬಳ್ಳಾರಿ, ಅದಕ್ಕೂ ಮೀರಿದರೆ ಹೈದರಾಬಾದ್ ಅಥವಾ ಬೆಂಗಳೂರು. ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಶುರುವಾದದ್ದು ದೊಡ್ಡ ಉಪಕಾರ. ಆದರೆ ಎದೆನೋವು ಬಂದವರಿಗೆ ಸಿಂಧನೂರಿನಿಂದ ಅದು ಹತ್ತಿರದ ದಾರಿಯಲ್ಲ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಿನಿಂದ ಜನ ಧರಣಿ ಕುಳಿತು ಸಾವಿರ ದಿನ ದಾಟಿಸಿದ್ದು ಹಟಕ್ಕಲ್ಲ, ಅನುಭವಕ್ಕೆ. ಮನೆಯಲ್ಲಿ ಹೃದ್ರೋಗಿ ಇದ್ದರೆ, ಪದೇ ಪದೇ ತಜ್ಞರನ್ನು ಕಾಣಬೇಕಾದ ಮಗು ಇದ್ದರೆ ಈ ಒಂದು ಅಂಶವೇ ಉಳಿದ ಎಲ್ಲ ಲೆಕ್ಕವನ್ನೂ ಬದಿಗೆ ಸರಿಸಬಹುದು. ಸರಿಸಿದರೆ ಅದು ತಪ್ಪಲ್ಲ.

ದಾರಿ ಹತ್ತಿರವಾಗಿದೆ, ಮನಸ್ಸು?

ಹತ್ತು ವರ್ಷದ ಹಿಂದಿನ ಸಿಂಧನೂರಿಗೂ ಇವತ್ತಿನದಕ್ಕೂ ದಾರಿಯ ವಿಷಯದಲ್ಲಿ ವ್ಯತ್ಯಾಸವಿದೆ. ಯಶವಂತಪುರದಿಂದ ಕಾರಟಗಿಗೆ ಬರುತ್ತಿದ್ದ ರೈಲು, ಹುಬ್ಬಳ್ಳಿಯಿಂದ ಬರುತ್ತಿದ್ದ ರೈಲು ಎರಡೂ 2024ರ ಮಾರ್ಚ್‌ನಲ್ಲಿ ಸಿಂಧನೂರು ಮುಟ್ಟಿದವು. ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗ ಮಂಜೂರಾಗಿ ಕಾಲು ಶತಮಾನ ದಾಟಿದ ಮೇಲೆ ಸಿಕ್ಕ ರೈಲು ಇದು. ಮುಂದೆ ರಾಯಚೂರಿಗೆ ಹಳಿ ಕೂಡಿದರೆ ಹೈದರಾಬಾದ್ ದಾರಿಯೂ ತೆರೆಯುತ್ತದೆ. ಇತ್ತ ಗದಗ–ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಮುಂದಿನ ಸರದಿ ಲಿಂಗಸುಗೂರು ಕಡೆಯದು.

ಇದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ನಿತ್ಯದ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾದ ಮೇಲೆ ತುರ್ವಿಹಾಳದಲ್ಲಿ ಇದ್ದುಕೊಂಡು ಸಿಂಧನೂರಿನಲ್ಲಿ ಓದುವುದು, ಅಂಗಡಿ ದವಾಖಾನೆಗಳಲ್ಲಿ ದುಡಿಯುವುದು ಅವರಿಗೆ ಸಾಧ್ಯವಾಗಿದೆ. ಮರಳಿ ಬರುವವರಿಗೆ ನನ್ನ ಶಿಫಾರಸು ಇದೇ ಜೋಡಿ: ಸ್ವಂತ ಮನೆಯಿದ್ದರೆ ವಾಸ ತುರ್ವಿಹಾಳದಲ್ಲಿ, ದುಡಿಮೆ ಸಿಂಧನೂರಿನಲ್ಲಿ. ಬಾಡಿಗೆ ಉಳಿಯುತ್ತದೆ, ಅಪ್ಪ ಅವ್ವ ಜೊತೆಗಿರುತ್ತಾರೆ, ಕೆಟ್ಟ ವರ್ಷದಲ್ಲಿ ಖರ್ಚು ಇಳಿಸಲು ಜಾಗವಿರುತ್ತದೆ. ಮೇಲಿನ ಉದಾಹರಣೆಯಲ್ಲಿ ಬಾಡಿಗೆಯ 6,000 ತೆಗೆದು ಹಾಕಿ ನೋಡಿ, ಕೆಟ್ಟ ತಿಂಗಳಲ್ಲೂ ಮನೆ ಸಾಲ ಮಾಡಬೇಕಿಲ್ಲ.

ಆದರೆ ಲೆಕ್ಕಕ್ಕೆ ಸಿಗದ ಒಂದು ಮಾತಿದೆ, ಅದನ್ನು ನುಂಗಿಕೊಂಡರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ನಮ್ಮ ಕಡೆಯ ಊರುಗಳಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ‘ಯಾವ ಮಂದಿ?’ ಎಂಬ ಪ್ರಶ್ನೆ ಇನ್ನೂ ಎದುರಾಗುತ್ತದೆ. ಶಹರದಲ್ಲಿ ಹತ್ತು ವರ್ಷ ತಲೆ ಎತ್ತಿ ನಡೆದ ದಲಿತ ಕುಟುಂಬಕ್ಕೆ ಊರಿಗೆ ಮರಳುವುದೆಂದರೆ ಆ ಪ್ರಶ್ನೆಗೆ ಮರಳುವುದು. ಒಬ್ಬಳೇ ದುಡಿದು ಬದುಕಿದ ಹೆಣ್ಣುಮಗಳಿಗೆ ಊರೆಂದರೆ ಅವಳು ಎಷ್ಟು ಹೊತ್ತಿಗೆ ಬಂದಳು, ಯಾರ ಜೊತೆ ಬಂದಳು ಎಂದು ಎಣಿಸುವ ಕಣ್ಣುಗಳು. ಅಂಥವರು ‘ಬೆಂಗಳೂರಿನಲ್ಲಿ ಉಳಿತಾಯ ಕಡಿಮೆಯಾದರೂ ಪರವಾಗಿಲ್ಲ’ ಎಂದರೆ ಅವರಿಗೆ ಊರಿನ ಮೇಲೆ ಪ್ರೀತಿಯಿಲ್ಲ ಎಂದು ಯಾರೂ ಹೇಳಬಾರದು. ಬಂಗಾಳದಿಂದ ಬಂದವರಿಗೆ ಜಾಗ ಕೊಟ್ಟ ಸೀಮೆ ತನ್ನದೇ ಮಕ್ಕಳಿಗೆ ಜಾತಿ ಕೇಳಿ ಬಾಗಿಲು ಹಾಕುವುದು ನಾಚಿಕೆಯ ಸಂಗತಿ. ಇದನ್ನು ಸರಿಪಡಿಸಲು ಯಾವ ಅನುದಾನವೂ ಬೇಕಿಲ್ಲ, ಮನೆಯ ಮಾಲೀಕರು ಮನಸ್ಸು ಮಾಡಿದರೆ ಸಾಕು.

ತೀರ್ಮಾನಿಸುವ ಮುನ್ನ

ಮರಳುವ ಯೋಚನೆ ಗಟ್ಟಿಯಾಗಿದ್ದರೆ ಕೆಲಸ ಬಿಡುವ ಮೊದಲು ಏಪ್ರಿಲ್–ಮೇ ತಿಂಗಳಲ್ಲಿ, ಮನೆಯವರೆಲ್ಲ ಸೇರಿ, ಸ್ವಲ್ಪ ದಿನ ಊರಿನಲ್ಲಿದ್ದು ನೋಡಿ. ಕುಡಿಯುವ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕರೆಂಟು ಯಾವಾಗ ಹೋಗುತ್ತದೆ, ಇಂಟರ್ನೆಟ್ ನಿಲ್ಲುತ್ತದೆಯೇ, ಅಂಗಡಿಯವರು ಈ ವರ್ಷ ಹೇಗೆ ತೂಗಿಸಿದರು ಎಂದು ಕೇಳಿ. ಹೆಂಡತಿಯ ಅಭಿಪ್ರಾಯ ಕೊನೆಗೆ ಕೇಳುವುದಲ್ಲ, ಮೊದಲು ಕೇಳಿ. ಊರು ಗಂಡನದಾದರೆ ಅತ್ತೆಮನೆಯ ಬದುಕು ಅವಳದು. ಬೆಂಗಳೂರಿನ ಮನೆಯ ಅಡ್ವಾನ್ಸ್ ವಾಪಸ್ ಬಂದ ಮೇಲೆ ಅದನ್ನು ಊರಿನ ಮನೆಯ ಅಟ್ಟ ಕಟ್ಟಿಸಲು ಸುರಿಯದೆ ಕೆಟ್ಟ ವರ್ಷಕ್ಕೆಂದು ಇಟ್ಟುಕೊಳ್ಳಿ.

ಆಳುವವರಿಗೂ ಒಂದು ಮಾತು. ಬೆಂಗಳೂರಿನ ಆಚೆಗೂ ಉದ್ಯೋಗ ಎಂಬ ಮಾತು ಬಂದಾಗಲೆಲ್ಲ ಮೈಸೂರು, ಮಂಗಳೂರು, ಹುಬ್ಬಳ್ಳಿ, ಹೆಚ್ಚೆಂದರೆ ಕಲಬುರಗಿಯ ಹೆಸರು ಕೇಳುತ್ತದೆ. ಸಿಂಧನೂರಿನಂಥ ಊರಿಗೆ ಬೇಕಿರುವುದು ಭತ್ತ ಬೆಳೆಯದ ತಿಂಗಳಲ್ಲೂ ಕೂಲಿ ಕೊಡುವ ಎರಡನೆಯ ಕಸುಬು, ರಾಯಚೂರಿಗೆ ಕೂಡುವ ಹಳಿ, ಹೃದಯ ನಿಂತ ರಾತ್ರಿ ಓಡಬಹುದಾದ ಒಂದು ದವಾಖಾನೆ, ಒಣಸೀಮೆಗೆ ನೀರು. ಗೇಟು ಬದಲಿಸಲು ಒಂದು ಬೆಳೆ ಬಿಟ್ಟುಕೊಟ್ಟದ್ದು ಈ ಭಾಗದ ಜನ ಮಾಡಿದ ತ್ಯಾಗ. ಅದಕ್ಕೆ ಪ್ರತಿಯಾಗಿ ಇಷ್ಟನ್ನು ಕೇಳುವ ಹಕ್ಕು ಅವರಿಗಿದೆ.

ಹುಟ್ಟಿದೂರಿಗೆ ಮರಳುವುದು ಸೋಲಲ್ಲ, ಶಹರದಲ್ಲೇ ಉಳಿಯುವುದು ಊರಿಗೆ ಮಾಡಿದ ದ್ರೋಹವೂ ಅಲ್ಲ. ಆದರೆ ಬರುವವರು ಒಂದೇ ಬೆಳೆಯನ್ನು, ಒಂದೇ ದುಡಿಮೆಯನ್ನು ನಂಬಿ ಬರಬೇಡಿ. ಕಾಲುವೆ ಬತ್ತಿದ ವರ್ಷದ ಲೆಕ್ಕದಲ್ಲೂ ಮನೆ ನಿಲ್ಲುತ್ತದೆ ಎಂದಾದರೆ ಧೈರ್ಯವಾಗಿ ಬನ್ನಿ. ನಿಮ್ಮ ಅನುಭವ, ಕಲಿತ ಕಸುಬು, ಓದಿದ ಮಕ್ಕಳು ಈ ಸೀಮೆಗೆ ಬೇಕು. ನಿಲ್ಲುವುದಿಲ್ಲ ಎಂದಾದರೆ ಇನ್ನೆರಡು ವರ್ಷ ಅಲ್ಲೇ ದುಡಿದು, ಬೇಕಾದ ಗಂಟು ಕಟ್ಟಿಕೊಂಡು ಬನ್ನಿ. ಊರು ಎಲ್ಲಿಗೂ ಹೋಗುವುದಿಲ್ಲ.